ಖಾಲಿ ಡಬ್ಬಿ ಕೊಡಬಾರದು

ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ತಿರುಗಿ ಹೋಗುವವರ ಒಂದು ಪಂಗಡವಿದೆ. ಅದಕ್ಕೊಂದು ಸಂಘ ಕಟ್ಟಿದರೆ ನಾನೇ ಅಧ್ಯಕ್ಷೆ. ಹೋಗಿ ನೋಡುತ್ತೇನೆ, ಕೀಲಿ ಇರುತ್ತದೆ. ಖಾತ್ರಿಗೆಂದು ಒಮ್ಮೆ ಜಗ್ಗುತ್ತೇನೆ. ಮತ್ತೆ ಹೊರಟು ಓಣಿಯ ತಿರುವಿಗೆ ಬಂದಾಗ, ಜಗ್ಗಿದ್ದರಿಂದಲೇ ಅದು ಬಿಚ್ಚಿಕೊಂಡಿದ್ದರೆ ಎಂಬ ಯೋಚನೆ ಬಂದು ನಿಂತುಬಿಡುತ್ತೇನೆ.

ಕೀಲಿ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅಣ್ಣಿಗೇರಿಯಿಂದ ಅವ್ವ ಫೋನು ಮಾಡಿದ್ದು ತಪ್ಪಿಹೋಯಿತೆಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ತಿರುಗಿ ಮಾಡಿದರೆ ಆಕೆ, "ಬೆಕ್ಕು ಮರಿ ಹಾಕೇತಿ, ಅದನ್ನ ಹೇಳಾಕ ಮಾಡಿದ್ದೆ," ಎನ್ನುತ್ತಾಳೆ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಮದುವೆಯಾದಳು, ಒಬ್ಬಳು ಜರ್ಮನಿಗೆ ಹೋದಳು, ಒಬ್ಬಳು ಗಿಟಾರು ಕಲಿತಳು. ಈ ಮೂರರಲ್ಲಿ ಒಂದನ್ನೂ ನಾನು ಮಾಡಿಲ್ಲವಲ್ಲ ಎಂದು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಮೇಡಂ ನನ್ನ ಮೆಸೇಜಿಗೆ 'ಸರಿ' ಎಂದಷ್ಟೇ ಬರೆದರಂತೂ ಮುಗಿಯಿತು. ಆ ಎರಡಕ್ಷರದಲ್ಲಿ ಸಿಟ್ಟು ಎಷ್ಟು, ಬೇಸರ ಎಷ್ಟು ಎಂದು ತಿರುವಿ ತಿರುವಿ ನೋಡುತ್ತ ಇಡೀ ಸಂಜೆ ಕಳೆಯಬಲ್ಲೆ.

ಇಂಥ ನನ್ನನ್ನು, ಈ ಸಂಜೋತಾ ಅಣ್ಣಿಗೇರಿಯನ್ನು, ಜನರ ಚಿಂತೆ ಕಳೆಯುವ ಯಂತ್ರ ಮಾಡುವ ಕೇಂದ್ರದವರು ಕೆಲಸಕ್ಕೆ ಇಟ್ಟುಕೊಂಡಿದ್ದರು. ಬೋಳು ತಲೆಯವನು ಬಾಚಣಿಗೆ ಮಾರಿದ ಹಾಗೆ ಎಂದು ನಗುವವರು ನಗಬಹುದು. ನಮ್ಮ ಕೇಂದ್ರದಲ್ಲಿ ಎಲ್ಲರೂ ನಕ್ಕು ಸುಸ್ತಾಗಿದ್ದಾರೆ.

ಕೇಂದ್ರ ಇದ್ದದ್ದು ಗದಗಿನ ಒಂದು ಹಳೆಯ ಅರಳೆ ಗಿರಣಿಯಲ್ಲಿ. ಗಿರಣಿ ನಿಂತು ಎಷ್ಟೋ ಕಾಲವಾಗಿದ್ದರೂ ಜಂತಿಯ ಸಂದಿಯಲ್ಲಿ ಅರಳೆ ಉಳಿದಿತ್ತು. ಜೋರಾಗಿ ಗಾಳಿ ಬೀಸಿದರೆ ಒಂದೆರಡು ಎಳೆ ಕಂಪ್ಯೂಟರಿನ ಮೇಲೆ ಬಂದು ಕೂರುತ್ತಿತ್ತು. ಅಲ್ಲಿ ಡಾ. ವಾರಿಜಾ ಕುಲಗೋಡ ಎಂಬ ನಮ್ಮ ಮೇಡಂ ಬಹಳ ವರ್ಷ ಒಂದೇ ವಿಷಯದ ಬೆನ್ನು ಹತ್ತಿದ್ದರು. ಚಿಂತೆ ಎನ್ನುವುದು ಮಿದುಳಿನಲ್ಲಿ ಹೇಗೆ ಕಾಣುತ್ತದೆ ಎಂಬುದೇ ಆ ವಿಷಯ.

ಅವರು ಕಂಡುಕೊಂಡದ್ದು ಇಷ್ಟು. ಚಿಂತೆ ಒಂದು ವಿಚಾರವಲ್ಲ, ಒಂದು ಸುತ್ತು. ಮಿದುಳಿನ ಒಂದು ಹಿಡಿ ಜೀವಕೋಶಗಳು ಗಾಣದ ಎತ್ತಿನ ಹಾಗೆ ಒಂದೇ ಜಾಗದಲ್ಲಿ ಸುತ್ತುತ್ತಿರುತ್ತವೆ. ಎಣ್ಣೆ ಬರುವುದಿಲ್ಲ, ಸುತ್ತು ನಿಲ್ಲುವುದಿಲ್ಲ. ಪ್ರತಿ ಸುತ್ತಿಗೂ ಒಂದು ಲಯವಿದೆ. ಆ ಲಯವನ್ನು ಹಿಡಿದು, ಅದಕ್ಕೆ ಎದುರಾದ ಇನ್ನೊಂದು ಲಯವನ್ನು ಮೆಲ್ಲಗೆ ಒಳಗೆ ಕಳಿಸಿದರೆ ಸುತ್ತು ನಿಧಾನವಾಗಿ ನಿಲ್ಲುತ್ತದೆ. ಇದಕ್ಕೆಂದು ಅವರು ಮಾಡಿದ ಯಂತ್ರದ ಹೆಸರು 'ಆವರ್ತ ಶಮನ ಘಟಕ'. ಅದು ಚಕ್ಕುಲಿ ಇಡುವ ಸ್ಟೀಲಿನ ಡಬ್ಬಿಯಷ್ಟೇ ದೊಡ್ಡದಿತ್ತು, ಹಾಗೇ ದುಂಡಗಿತ್ತು. ಎಲ್ಲರೂ ಅದನ್ನು ಡಬ್ಬಿ ಎಂದೇ ಕರೆದರು. ಡಬ್ಬಿಯಿಂದ ಹೊರಟ ವೈರಿನ ತುದಿಗೆ ತಾಮ್ರದ ಎರಡು ಎಸಳು. ಅವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಊಟದ ಮುಂಚೆ ಒಂದಿಷ್ಟು ಹೊತ್ತು ಸುಮ್ಮನೆ ಕೂರಬೇಕು. ಆಮೇಲೆ ಕೆಂಪು ಗುಂಡಿ ಒತ್ತಿ ಅಳಿಸಬೇಕು. ಹಸಿರು ದೀಪ ಬಂದರೆ ಡಬ್ಬಿ ಖಾಲಿ ಎಂದು ಅರ್ಥ. ಆಗ ಅದನ್ನು ಪಕ್ಕದ ಮನೆಯವರಿಗೆ ಕೊಡಬಹುದು.

ಇನ್ನೊಂದು ಬಿಳಿ ಗುಂಡಿ ಇತ್ತು. ಮೊದಲ ದಿನ ಮಾತ್ರ ಬಳಸುವಂಥದ್ದು. ಅದನ್ನು ಒತ್ತಿ, ಮನಸ್ಸಿಗೆ ಹಿತವಾದದ್ದೊಂದನ್ನು ನೆನೆಯುತ್ತ ಕೂತರೆ, ಆ ಮನುಷ್ಯನ ನಿಶ್ಚಿಂತೆಯ ಲಯ ಹೇಗಿರುತ್ತದೆ ಎಂದು ಡಬ್ಬಿ ದಾಖಲಿಸಿಕೊಳ್ಳುತ್ತಿತ್ತು. ಚಿತ್ರ ಇಲ್ಲ, ಮಾತು ಇಲ್ಲ, ಬರಿಯ ಲಯ.

ಡಬ್ಬಿಗಳು ಕಡಿಮೆ ಇದ್ದವು. ಎರಡು ಕಡೆ ಹಂಚಿದೆವು. ಅರ್ಧ ಒಂದು ಕಾಲೇಜಿನ ಹುಡುಗರ ಹಾಸ್ಟೆಲ್ಲಿಗೆ, ಇನ್ನರ್ಧ ನಾನು ಬಾಡಿಗೆಗಿದ್ದ ಬೆಟಗೇರಿಯ ಚಾಳಿಗೆ. ನಮ್ಮ ಚಾಳಿನಲ್ಲಿ ಒಂದರ ಮಗ್ಗುಲಿಗೆ ಒಂದು ಮನೆ, ನಡುವೆ ಒಂದೇ ಗೋಡೆ. ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ 'ಶತಾಯುಷಿ' ಅನ್ನುತ್ತಿದ್ದರು. ಎರಡು ಮನೆಗೆ ಒಂದು ಡಬ್ಬಿ, ದಿನ ಬಿಟ್ಟು ದಿನ ಪಾಳಿ. ಚಾಳನ್ನು ಆರಿಸಿದವಳು ನಾನು, ಅಲ್ಲಿಯವರಿಗೆ ಕಲಿಸಿದವಳೂ ನಾನು. ಹಾಗಾಗಿ ಅಲ್ಲೇನು ಕೆಟ್ಟರೂ ನನ್ನ ತಲೆಗೇ ಬರುತ್ತದೆ ಎಂಬ ಹೊಸ ಚಿಂತೆಯೊಂದು ನನಗೆ ಸೇರಿಕೊಂಡಿತು.

"ನೀನೂ ಒಂದ್ಸಲ ಹಾಕ್ಕೊಂಡು ನೋಡಲ್ಲ," ಎಂದು ಮೇಡಂ ಹೇಳಿದ್ದರು.

"ಬ್ಯಾಡ್ರಿ ಮೇಡಂ. ನನ್ನ ಚಿಂತಿ ಹೋದ್ರ ಡಬ್ಬಿ ಚಿಂತಿ ಯಾರು ಮಾಡ್ತಾರ?"

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಎಡಗಡೆಯ ಗೋಡೆಯಾಚೆ ಇದ್ದವರು ಗುರುಸಿದ್ದವ್ವ. ಮಗ್ಗದ ಮನೆಯವರು. ನಾನು ಅವರನ್ನು ಆಯಿ ಎನ್ನುತ್ತಿದ್ದೆ. ಗಂಡ ಹೋದ ಮೇಲೂ ಮಗ ಮಗ್ಗ ನಡೆಸಿಕೊಂಡಿದ್ದ. ಅವರ ಆಚೆಗಿನ ಮನೆ ಮೆಹಬೂಬಿ ಚಾಚಿಯದು. ಇಬ್ಬರಿಗೂ ಸೇರಿ ಒಂದು ಡಬ್ಬಿ. ಚಾಚಿಯ ಮಗ ಲಾರಿ ಓಡಿಸುತ್ತಿದ್ದ. ಅವನು ಘಾಟಿನಲ್ಲಿದ್ದಾನೆಂದರೆ ಇಲ್ಲಿ ಚಾಚಿ ತುತ್ತು ಬಾಯಿಗಿಡುತ್ತಿರಲಿಲ್ಲ. ಡಬ್ಬಿ ಬಂದ ಮೇಲೆ ಒಂದು ದಿನ ಚಾಚಿ ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿ ಗೊರಕೆ ಹೊಡೆದರು. ಆ ಸದ್ದಿಗೆ ಇಡೀ ಚಾಳು ಬಂದು ನೋಡಿತು. ಗುರುಸಿದ್ದವ್ವ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ದಿನ ನನಗೆ ನನ್ನ ಕೆಲಸದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ಆಯಿ ನನಗೆ ಆಗಾಗ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕೊಡುತ್ತಿದ್ದರು. ನಾನು ಚಟ್ನಿ ಖಾಲಿ ಮಾಡಿ, ತೊಳೆದು, ಅದರಲ್ಲಿ ಏನಾದರೂ ಹಾಕಿ ತಿರುಗಿ ಕೊಡುತ್ತಿದ್ದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಎಲ್ಲರೂ ಮಾಡುವುದೇ.

ಮೇಡಂ ನನ್ನನ್ನು ಕರೆದದ್ದು, ಪ್ರಯೋಗ ಮುಂದುವರಿಸಬೇಕೋ ಬೇಡವೋ ಎಂದು ನೋಡುವ ಪರಿಶೀಲನಾ ಸಮಿತಿ ಬರುವ ವಾರದಲ್ಲಿ.

"ಸಂಜೋತಾ, ಇಲ್ಲೆ ಬಾ. ಈ ಗೆರಿ ನೋಡು. ಇದು ನಮ್ಮದಲ್ಲ."

ಪರದೆಯ ಮೇಲೆ ಚಾಳಿನ ಡಬ್ಬಿಗಳ ದಾಖಲೆ ಇತ್ತು. ಅಳಿಸಿದ ಮೇಲೆ ಗೆರೆ ಸೊನ್ನೆಯಲ್ಲಿ ನೆಟ್ಟಗೆ ಮಲಗಿರಬೇಕಿತ್ತು. ಮಲಗಿರಲಿಲ್ಲ. ಪ್ರತಿ ಸಲವೂ ಅಳಿಸಿದ ಸ್ವಲ್ಪ ಹೊತ್ತಿಗೆ ಅಲ್ಲಿ ಏನೋ ಸೇರಿಕೊಂಡಿತ್ತು. ಸಣ್ಣ ಸಣ್ಣ ಅಲೆ, ಒಂದೇ ಸಮ. ಹಾಸ್ಟೆಲ್ಲಿನ ಡಬ್ಬಿಗಳಲ್ಲಿ ಇದು ಇರಲೇ ಇಲ್ಲ.

"ಹೊರಗಿಂದ ಏನೋ ಹೊಕ್ಕದ," ಎಂದರು ಮೇಡಂ. "ಸಮಿತಿಗೆ ಇದನ್ನ ತೋರಿಸಿದ್ರ ಪ್ರಯೋಗನs ಕೆಟ್ಟದ ಅಂತಾರ. ಕೆಟ್ಟ ಪ್ರಯೋಗಕ್ಕ ಮುಂದಿನ ವರ್ಷ ಇಲ್ಲ. ಡಬ್ಬಿ ಎಲ್ಲಾ ಕಟ್ಟಿ ಉಗ್ರಾಣಕ್ಕ ಹಾಕೂದಷ್ಟ."

ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. ನನ್ನ ಕಣ್ಣ ಮುಂದೆ ಗೋಡೆಗೆ ಒರಗಿ ಗೊರಕೆ ಹೊಡೆಯುವ ಚಾಚಿ ಬಂದರು. ಡಬ್ಬಿ ಕಿತ್ತುಕೊಂಡು ಹೋದರೆ ಆಕೆ ಮತ್ತೆ ತಟ್ಟೆ ಮುಂದಿಟ್ಟುಕೊಂಡು ಕೈ ಆಡಿಸುತ್ತ ಕೂರುತ್ತಾರೆ. ಅದಕ್ಕೆ ಕಾರಣ ನಾನು. ಕಲಿಸಿದವಳು ನಾನೇ ತಾನೆ.

ಮಧ್ಯಾಹ್ನವೇ ಚಾಳಿಗೆ ಬಂದೆ. ಯಾರು ಡಬ್ಬಿಯ ಜೊತೆ ಏನು ಕಿತಾಪತಿ ಮಾಡಿದ್ದಾರೆ ಎಂದು ಹಿಡಿದೇ ತೀರಬೇಕು ಎಂದು ಹಲ್ಲು ಕಚ್ಚಿದ್ದೆ. ನನ್ನ ಮನೆಗೆ ಹೋಗಿ ನೀರು ಕುಡಿದು, ಹೇಗೂ ಹೋಗುತ್ತಿದ್ದೇನೆಂದು ಆಯಿಯ ಚಟ್ನಿ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಅವರ ಬಾಗಿಲಿಗೆ ನಿಂತೆ. ಆಯಿ ಹಂಚಿನ ಮೇಲೆ ರೊಟ್ಟಿ ಹಾಕಿದ್ದರು. ಚಾಚಿ ಪಕ್ಕದಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು.

"ಆಯಿ, ಖರೇ ಹೇಳ್ರಿ. ಡಬ್ಬಿ ಅಳಸಿದ ಮ್ಯಾಲೆ ಏನ್ ಮಾಡ್ತೀರಿ?"

"ಏನ್ ಮಾಡ್ಲೆವ್ವಾ? ನೀ ಹೇಳಿದಂಗ ಕೆಂಪು ಗುಂಡಿ ಒತ್ತತೇನಿ. ಹಸರ ದೀಪ ಬರತೈತಿ. ಮೆಹಬೂಬಿಗೆ ಕೊಡತೇನಿ."

"ನಡುವ ಏನೂ ಇಲ್ಲ?"

ಆಯಿ ರೊಟ್ಟಿ ತಿರುವಿ ಹಾಕಿದರು. "ನಡುವ ಅಂದ್ರ... ಏನಿಲ್ಲ ಬಿಡು."

"ಹೇಳಬೇ," ಎಂದರು ಚಾಚಿ, ಸೊಪ್ಪಿನಿಂದ ತಲೆ ಎತ್ತದೆ. "ಸಂಜೂ ಏನ್ ಹೊರಗಿನಾಕಿ ಏನು?"

"ಬಿಳಿ ಗುಂಡಿ ಒತ್ತಿ ಒಂದೀಟ ಹೊತ್ತು ಕುಂಡ್ರತೇನಿ."

"ಬಿಳಿ ಗುಂಡಿ ಮೊದಲ್ನೇ ದಿನಕ್ಕಷ್ಟ ಅಂತ ಹೇಳಿದ್ದೆ ಇಲ್ಲ? ಯಾಕ ಒತ್ತಿದ್ರಿ?"

ಆಯಿ ನನ್ನನ್ನು ಪಾಪದ ಕೂಸನ್ನು ನೋಡಿದ ಹಾಗೆ ನೋಡಿದರು.

"ಮತ್ತ ಖಾಲಿ ಡಬ್ಬಿ ಹೆಂಗ ಕೊಡೂದವಾ?"

ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆಯಿಂದ ಒತ್ತುತ್ತ ಅವರೇ ಮುಂದುವರಿಸಿದರು.

"ನೋಡು, ನನ್ನ ಚಿಂತಿ ಎಲ್ಲಾ ಅದರಾಗ ಸುರುವೀನಿ. ತೊಳದು, ಬರೇ ಡಬ್ಬಿ ಆಕಿ ಕೈಯಾಗ ಇಡೂದು ಬರೋಬರಿ ಕಾಣತೈತೇನು? ಅದಕ್ಕ ಏನರ ಒಂದೀಟು ಛಲೋದು ಹಾಕಿ ಕೊಡತೇನಿ. ನಮ್ಮ ಮನಿಯವರು ಇದ್ದಾಗ ಮುಂಜಾನೆ ಕಣ್ಣ ತೆರಿಯೂದರಾಗ ಅವರ ಮಗ್ಗದ ಸಪ್ಪಳಾ ಕೇಳತಿತ್ತು. ಅದನ್ನ ನೆನಸಕೋತ ಕುಂಡ್ರತೇನಿ."

"ನೀವೂ ಹಾಂಗs ಏನ್ರಿ ಚಾಚಿ?"

"ನಾ ಮೊದಲ್ನೇ ಸಲ ಬಿರ್ಯಾನಿ ಹಂಡೆ ಮುಚ್ಚಳಾ ತೆಗದಾಗ ಬರೂ ವಾಸನಿ ನೆನಸಿದ್ನಿ ಬೇಟಾ. ಆಮ್ಯಾಲೆ ಎದಿ ಧಸಕ್ ಅಂತು. ಈಕಿ ಅಂಥಾದ್ದು ಮುಟ್ಟಾಕಿ ಅಲ್ಲ, ಈಕಿ ತೆಲಿಗೆ ಅದು ನಡೀತೈತೋ ಇಲ್ಲೋ. ಕೆಂಪು ಗುಂಡಿ ಒತ್ತಿ ಅಳಸಿ, ಹಬ್ಬದ ಸುರಕುಂಬಾ ನೆನಸಿ ತುಂಬಿಸಿದ್ನಿ. ಹಾಲು, ಶಾವಿಗಿ, ಖರ್ಜೂರಾ. ಅದು ಎಲ್ಲಾರಿಗೂ ನಡೀತೈತಿ."

ಚಾಳಿನ ಎಲ್ಲ ಮನೆಯಲ್ಲೂ ಇದೇ ಕಥೆ ಎಂದು ಆಯಿ ಸೇರಿಸಿದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಮಾತಿಗೆ ಮಾತು ಬಂದಾಗಲಷ್ಟೇ ಎಲ್ಲರದೂ ಒಂದೇ ಎಂದು ಗೊತ್ತಾಗಿತ್ತಂತೆ.

ನನಗೆ ರೇಗಿತು. ವಿಜ್ಞಾನ ಅಂದರೇನು, ಪ್ರಯೋಗ ಅಂದರೇನು, ಸೊನ್ನೆ ಅಂದರೆ ಸೊನ್ನೆಯೇ ಇರಬೇಕು ಎಂದು ಕೈ ಬೀಸಿ ಬೀಸಿ ಉಪದೇಶ ಶುರು ಮಾಡಿದೆ. ಕೈ ಬೀಸಿದಾಗ ಕೈಯಲ್ಲಿದ್ದ ಚಟ್ನಿ ಡಬ್ಬಿ ಖಳ್ ಖಳ್ ಎಂದಿತು. ಮೂವರೂ ಅದರ ಕಡೆ ನೋಡಿದೆವು. ಆಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ತೆರೆದರು. ಒಳಗೆ ಕಲ್ಲುಸಕ್ಕರೆ ಇತ್ತು. ಅದನ್ನು ಯಾವಾಗ ಹಾಕಿದೆನೋ ನನಗೇ ಗೊತ್ತಿರಲಿಲ್ಲ. ಜಗಳಕ್ಕೆ ಹೊರಟವಳು, ನೀರು ಕುಡಿದವಳು, ಡಬ್ಬಿ ಕೈಗೆ ತೆಗೆದುಕೊಂಡವಳು, ಯೋಚಿಸದೆಯೇ ಒಂದು ಹಿಡಿ ಸಕ್ಕರೆ ಹಾಕಿದ್ದೆ.

ಚಾಚಿ ಮೊದಲು ನಕ್ಕರು. ಆಮೇಲೆ ಆಯಿ. ರೊಟ್ಟಿ ಸೀದು ಹೋಯಿತು. ನಾನು ಹೊಸ್ತಿಲ ಮೇಲೆ ಕುಸಿದು ಕೂತು ಅವರ ಜೊತೆ ನಕ್ಕೆ.

ಆಮೇಲೆ ಓಡಿದೆ. ಗಿರಣಿಗೆ ಹೋಗಿ, ಏದುಸಿರು ಬಿಡುತ್ತ, ನಡೆದದ್ದನ್ನೆಲ್ಲ ಮೇಡಂಗೆ ಹೇಳಿದೆ. ಬೈಸಿಕೊಳ್ಳಲು ತಯಾರಾಗಿ ನಿಂತೆ. ಮೇಡಂ ಜಂತಿಯಿಂದ ಉದುರಿದ ಒಂದೆಳೆ ಅರಳೆಯನ್ನು ಬೆರಳಲ್ಲಿ ಹೊಸೆಯುತ್ತ ಕೂತಿದ್ದರು. ಅದರ ಅರ್ಥ ಏನೆಂದು ನಾನು ಆಗಲೇ ಬೆವರತೊಡಗಿದ್ದೆ.

"ಹಾಸ್ಟೆಲ್ಲಿನ ಹುಡುಗರ ಗೆರಿ ತಗಿ," ಎಂದರು ಕೊನೆಗೆ. "ಚಾಳಿಂದರ ಮಗ್ಗಲಕ ಇಡು."

ಇಟ್ಟೆ. ಹಾಸ್ಟೆಲ್ಲಿನ ಹುಡುಗರು ಕೆಂಪು ಗುಂಡಿ ಒತ್ತಿ ಡಬ್ಬಿಯನ್ನು ಮುಂದಿನ ಕೋಣೆಗೆ ಎಸೆಯುವವರು. ಅವರ ಡಬ್ಬಿಗಳು ಅಚ್ಚುಕಟ್ಟಾಗಿ ಖಾಲಿ. ಅವರ ಚಿಂತೆಗಳು ನಿಲ್ಲುತ್ತಿದ್ದವು, ಎರಡು ಮೂರು ದಿನಕ್ಕೆ ಮತ್ತೆ ಅದೇ ಸುತ್ತು ಶುರುವಾಗುತ್ತಿತ್ತು. ಚಾಳಿನಲ್ಲಿ ನಿಂತ ಸುತ್ತು ನಿಂತೇ ಇತ್ತು. ಚಾಚಿಯ ಮಗ ಎರಡು ಸಲ ಘಾಟು ಇಳಿದು ಹತ್ತಿದ್ದ, ಚಾಚಿಯ ಗೆರೆ ಕದಲಿರಲಿಲ್ಲ.

"ನಾವು ಕಳಸೂ ಲಯ ಕಂಪ್ಯೂಟರ ಅಳದು ತೂಗಿ ಮಾಡಿದ್ದು," ಎಂದರು ಮೇಡಂ, ತಮಗೆ ತಾವೇ ಹೇಳಿಕೊಳ್ಳುವಂತೆ. "ಸುತ್ತು ನಿಲ್ಲಸ್ತದ. ಆದ್ರ ನಿಂತ ಜಾಗಾ ಖಾಲಿ ಉಳೀತದ. ಖಾಲಿ ಜಾಗಾದಾಗ ಮತ್ತ ಅದs ಬಂದು ಕೂಡ್ತದ. ಇಲ್ಲೆ ಡಬ್ಬ್ಯಾಗ ಉಳದ ಲಯನೂ ಜೋಡಿಗೆ ಒಳಗ ಹೋಗಿ, ಆ ಜಾಗಾದಾಗ ಇನ್ನೊಬ್ಬರ ಸಮಾಧಾನ ಬಂದು ಕೂತದ. ಇದು ಹೊಲಸಲ್ಲ ಸಂಜೋತಾ. ಇದs ಔಷಧ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನ್ನಿಸಿತು. ತಬ್ಬಿಕೊಂಡರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ.

ಸಮಿತಿಯ ಪರವಾಗಿ ಪರಿಶೀಲನೆಗೆ ಬಂದವರು ಡಾ. ಸೋಸಲೆ. ಮೈಸೂರಿನ ಕಡೆಯವರು, ತೆಳ್ಳನೆಯ ದೇಹ, ಕಣ್ಣಿನ ಕೆಳಗೆ ಕಪ್ಪು. ಮೇಡಂ ಒಂದನ್ನೂ ಮುಚ್ಚಿಡಲಿಲ್ಲ. ಬಿಳಿ ಗುಂಡಿ, ಸುರಕುಂಬಾ, ಕಲ್ಲುಸಕ್ಕರೆ ಎಲ್ಲವನ್ನೂ ಹೇಳಿದರು. ಸೋಸಲೆ ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿ ಮೇಡಂ, ನೀವು ಹೇಳ್ತಿರೋದು ಕೇಳೋಕೆ ಚೆನ್ನಾಗಿದೆ. ಚೆನ್ನಾಗಿರೋದನ್ನೆಲ್ಲ ನಂಬಿದ್ರೆ ನಾನು ಈ ಕೆಲಸದಲ್ಲಿ ಇರ್ತಿರ್ಲಿಲ್ಲ. ಆ ಹೆಂಗಸರು ಒಬ್ಬರಿಗೊಬ್ಬರು ಪರಿಚಯದವರು, ಡಬ್ಬಿ ಇಲ್ದೇ ಹೋದ್ರೂ ಸಮಾಧಾನವಾಗಿರ್ತಿದ್ರೋ ಏನೋ. ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರಲ್ಲ, ನಾಳೆ ಇಲ್ಲಿ ವಾರದ ಸಂತೆ ಇದೆಯಂತೆ. ನಿಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಚಿಂತೆ ಮಾಡೋರೊಬ್ಬರನ್ನ ಅಲ್ಲಿ ಕೂರಿಸಿ. ಮೊದಲು ಖಾಲಿ ಡಬ್ಬಿ, ಆಮೇಲೆ ತುಂಬಿದ ಡಬ್ಬಿ. ನಿದ್ದೆ ಬಂದ್ರೆ ನಾನು ಒಪ್ತೀನಿ. ಯಾರಿದ್ದಾರೆ ಅಂಥೋರು?"

ಯಾರೂ ಹೆಸರು ಹೇಳಲಿಲ್ಲ. ಮೇಡಂ, ಎಂಜಿನಿಯರು, ಚಹಾ ತಂದವನು, ಎಲ್ಲರೂ ಸುಮ್ಮನೆ ನನ್ನ ಕಡೆ ತಿರುಗಿದರು.

ಪರಿಶೀಲನೆಗೆಂದು ಕೇಂದ್ರಕ್ಕೆ ಒಯ್ದಿದ್ದ ಆಯಿ-ಚಾಚಿಯರ ಡಬ್ಬಿಯನ್ನು ಸಂಜೆ ಆಯಿಗೆ ತಿರುಗಿ ಕೊಟ್ಟೆ. ನಾಳೆ ನನಗೆ ನಿದ್ದೆ ಬರಲೇಬೇಕು, ಬರದಿದ್ದರೆ ಡಬ್ಬಿಗಳೆಲ್ಲ ಹೋಗುತ್ತವೆ ಎಂದೆ. ನಿದ್ದೆ ಬರಲೇಬೇಕು ಎಂದುಕೊಂಡು ಮಲಗಿದವರಿಗೆ ಎಂದಾದರೂ ನಿದ್ದೆ ಬಂದದ್ದುಂಟೇ?

"ಆತು ತಗೋ. ಮುಂಜಾನೆ ಕೊಡತೇನಿ," ಎಂದಷ್ಟೇ ಹೇಳಿ ಆಯಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಜೀಪು ಬಂದು ಓಣಿಯ ತುದಿಯಲ್ಲಿ ಹಾರ್ನ್ ಮಾಡುತ್ತಿತ್ತು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ. ಆಯಿ ಡಬ್ಬಿ ತಂದು ಕೈಗಿಟ್ಟರು. ಅದರ ಮುಚ್ಚಳದ ಮೇಲೆ ಅರಿಶಿನದ ಬೆರಳಿನ ಗುರುತಿತ್ತು, ಇನ್ನೊಂದು ಕಡೆ ಮೆಹಂದಿಯ ಕೆಂಪು, ತಳಕ್ಕೆ ಯಾವುದೋ ಮಗುವಿನ ಬಿಸ್ಕೀಟಿನ ಪುಡಿ ಅಂಟಿತ್ತು. ಇದು ಎಷ್ಟು ಮನೆ ತಿರುಗಿ ಬಂದಿದೆ ಎಂದು ಕೇಳಲು ಹೊತ್ತಿರಲಿಲ್ಲ. ಓಡಿ ಜೀಪು ಹತ್ತಿದೆ.

ಸಂತೆ ತುಂಬಿ ತುಳುಕುತ್ತಿತ್ತು. ಒಂದು ಕಡೆ ಒಣಮೆಣಸಿನಕಾಯಿಯ ರಾಶಿ, ಅದರ ಘಾಟಿಗೆ ಹಾದುಹೋಗುವವರೆಲ್ಲ ಸೀನು. ಇನ್ನೊಂದು ಕಡೆ ಕೋಳಿ ಮಾರುವವನು. ನಡುವೆ ಮೈಕಿನಲ್ಲಿ ಇಲಿ ಪಾಷಾಣದ ಜಾಹೀರಾತು. ಉಳ್ಳಾಗಡ್ಡಿ ಮಾರುವ ಹೆಂಗಸೊಬ್ಬಳು ತನ್ನ ಖಾಲಿ ಚೀಲಗಳ ಮೇಲೆ ನನಗೆ ಜಾಗ ಕೊಟ್ಟಳು. "ಆರಾಮ ಇಲ್ಲೇನವಾ?" ಎಂದು ಕೇಳಿದಳು. ಇದು ವಿಜ್ಞಾನ ಎಂದೆ. "ಹೌದಾ, ಪಾಪ," ಎಂದಳು.

ಮೊದಲು ಖಾಲಿ ಡಬ್ಬಿ. ಕಿವಿಯ ಹಿಂದೆ ಎಸಳು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ತಲೆಯೊಳಗೆ ಸದ್ದು ಕಡಿಮೆಯಾಯಿತು. ಜರ್ಮನಿ ಹೋಯಿತು, ಗಿಟಾರು ಹೋಯಿತು. ಆ ಖಾಲಿ ಜಾಗದಲ್ಲಿ ಒಂದೇ ಒಂದು ಪ್ರಶ್ನೆ ಮೆಲ್ಲಗೆ ಬಂದು ಕೂತಿತು. ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಹಾಕಿದೆ, ಆಯಿ ಡಬ್ಬಿ ಕೊಟ್ಟರು, ಓಡಿದೆ. ಕೀಲಿ?

ಎದ್ದು ಕೂತೆ.

"ಸರ್, ಒಂದೈದು ನಿಮಿಷ ಮನಿಗೆ ಹೋಗಿ ಬರ್ಲೇನ್ರಿ? ಕೀಲಿ ಹಾಕಿದ್ನೋ ಇಲ್ಲೋ ನೆನಪಿಲ್ಲ."

ಸೋಸಲೆ ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು. "ಖಾಲಿ ಡಬ್ಬಿ ಕಥೆ ಮುಗೀತು ಅಂತ ಕಾಣುತ್ತೆ. ಇನ್ನೊಂದು ಹಾಕ್ಕೊಳಮ್ಮ."

"ಸರ್, ಕೀಲಿ..."

"ಹಾಕ್ಕೊಳಮ್ಮ."

ಎರಡನೆಯ ಡಬ್ಬಿಯ ಎಸಳು ಕಿವಿಯ ಹಿಂದೆ ತಣ್ಣಗೆ ತಾಗಿತು. ನನಗೆ ಅಳು ಬರುವಂತಿತ್ತು. ಬಾಗಿಲು ಹಾರು ಹೊಡೆದಿದೆ, ಲ್ಯಾಪ್‌ಟಾಪು ಮಂಚದ ಮೇಲಿದೆ, ನಾಯಿ ನುಗ್ಗುತ್ತದೆ, ಇಷ್ಟಾಗಿ ನನಗೆ ನಿದ್ದೆ ಬರುವುದಿಲ್ಲ, ಡಬ್ಬಿಗಳು ಹೋಗುತ್ತವೆ, ಚಾಚಿ ಉಣ್ಣುವುದಿಲ್ಲ. ಸುತ್ತು ಜೋರಾಗಿಯೇ ತಿರುಗುತ್ತಿತ್ತು.

ಆಗ ಏನೋ ಬಂತು. ಅದನ್ನು ಹೇಗೆ ಹೇಳಲಿ. ಚಿತ್ರವಲ್ಲ, ಮಾತಲ್ಲ. ಸಣ್ಣವಳಿದ್ದಾಗ ಜ್ವರ ಬಂದು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಪಡಸಾಲೆಯಲ್ಲಿ ದೊಡ್ಡವರು ಮಾತಾಡುತ್ತಿದ್ದರು. ಏನು ಮಾತು ಎಂದು ಕೇಳುತ್ತಿರಲಿಲ್ಲ. ಅವರು ಅಲ್ಲಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತಿತ್ತು, ಅಷ್ಟೇ ಸಾಕಾಗಿತ್ತು. ಹಾಗೆಯೇ ಇತ್ತು ಅದು. ಒಂದು ಲಯದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಒಬ್ಬರಲ್ಲ, ಚಾಳಿಗೆ ಚಾಳೇ ನನ್ನ ತಲೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿತ್ತು. ಅದರಲ್ಲಿ ಮಗ್ಗ ಯಾವುದು, ಸುರಕುಂಬಾ ಯಾವುದು ಎಂದು ಗುರುತು ಹಿಡಿಯಲು ನೋಡಿದೆ. ಕೀಲಿಯ ವಿಷಯ ಏನೋ ಇತ್ತಲ್ಲ ಎಂದುಕೊಂಡೆ. ಅಷ್ಟೇ ನನಗೆ ನೆನಪಿರುವುದು.

ಎಚ್ಚರವಾದಾಗ ಮುಖದ ಮೇಲೆ ಉಳ್ಳಾಗಡ್ಡಿ ವಾಸನೆಯ ಒಂದು ಟವೆಲ್ಲಿತ್ತು, ಬಿಸಿಲು ಬೀಳಬಾರದೆಂದು ಯಾರೋ ಹೊದಿಸಿದ್ದು. ಸಂತೆ ಮುಗಿಯುತ್ತ ಬಂದಿತ್ತು. ಕೋಳಿಯವನು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಿದ್ದ. ಮೇಡಂ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಕಾಗದದಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದರು.

"ಎದ್ದ್ಯಾ?" ಎಂದರು. "ತಗೋ, ಎರಡು ಉಳಿಸೀನಿ."

"ಸೋಸಲೆ ಸರ್ ಎಲ್ಲಿ?"

"ಅವರು ಹೋಗಿ ಬಾಳ ಹೊತ್ತಾತು. ನಿನ್ನ ಎಬ್ಬಸ್ಲಿಕ್ಕೆ ಹೋದೆ, ಬೇಡ ಅಂದ್ರು. ಇಲಿ ಪಾಷಾಣದವ ನಿನ್ನ ಕಿವಿ ಹತ್ರನ ಮೈಕ್ ಹಿಡದು ಕೂಗಿದ, ನೀ ಮಗ್ಗಲಾ ಬದಲ ಮಾಡಿದಿ. ಅದನ್ನ ನೋಡಿ ಸಹಿ ಮಾಡಿದ್ರು. ಇನ್ನ ಡಬ್ಬಿ ಎಲ್ಲೂ ಹೋಗೂದಿಲ್ಲ. ಹಾಸ್ಟೆಲ್ಲಿನ ಹುಡುಗರಿಗೂ ತುಂಬಿ ಕೊಡೂದು ಕಲಸು ಅಂದಾರ." ಮೇಡಂ ಬೆರಳು ಒರೆಸಿಕೊಂಡರು. "ಹೋಗೂ ಮುಂದ ತಮಗೂ ಒಂದು ಡಬ್ಬಿ ಕೇಳಿದ್ರು. ನಿದ್ದಿ ಬರೂದಿಲ್ಲಂತ. 'ಖಾಲೀದು ಬೇಡ' ಅಂದ್ರು."

ನಾನು ಮೇಡಂ ಅವರನ್ನು ತಬ್ಬಿಕೊಂಡೆ. ಏನೆಂದುಕೊಂಡರೋ ಗೊತ್ತಿಲ್ಲ. ಮಿರ್ಚಿಯ ಎಣ್ಣೆ ನನ್ನ ಬೆನ್ನಿಗಾಯಿತು.

ನಡೆದೇ ಮನೆಗೆ ಹೊರಟೆ. ದಾರಿಯಲ್ಲಿ ಕೀಲಿಯ ನೆನಪು ಬಂತು. ಬಂತು, ಹೌದಲ್ಲ ಎನ್ನಿಸಿತು, ಹೋಯಿತು. ಹೆಜ್ಜೆ ಬಿರುಸಾಗಲಿಲ್ಲ. ಮಾವಿನಕಾಯಿ ಮಾರುವವನ ಹತ್ತಿರ ನಿಂತು ಉಪ್ಪು ಖಾರ ಹಾಕಿಸಿಕೊಂಡು ತಿಂದೆ.

ಓಣಿಗೆ ತಿರುಗಿದರೆ ದೂರದಿಂದಲೇ ಕಂಡಿತು. ನನ್ನ ಮನೆಯ ಬಾಗಿಲು ಪೂರಾ ತೆರೆದಿತ್ತು. ಇಷ್ಟು ವರ್ಷ ಯಾವುದಕ್ಕೆ ಹೆದರಿ ಅರ್ಧ ದಾರಿಯಿಂದ ಓಡಿ ಬರುತ್ತಿದ್ದೆನೋ ಅದು ಕೊನೆಗೂ ಆಗಿತ್ತು.

ಒಳಗೆ ಗುರುಸಿದ್ದವ್ವ ಆಯಿ ನನ್ನ ಮಂಚದ ಮೇಲೆ, ಮೆಹಬೂಬಿ ಚಾಚಿ ಕೆಳಗೆ ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಬಾಗಲಾ ಹಾಂಗs ತೆರದ ಹೋಗಿದ್ದಿ," ಎಂದರು ಆಯಿ. "ಕೀಲಿ ಹಾಕೂಣಂದ್ರ ಕೀಲಿಕೈ ನಿನ್ನ ಹತ್ರ. ಅದಕ್ಕ ಇಲ್ಲೇ ಕುಂತೇವಿ. ನಿನ್ನ ಚಾಪುಡಿ ಬಾಳ ಹಳೇದಾಗೈತಿ ನೋಡು."

"ಮುಂಜಾನಿಂದ ಇಲ್ಲೇ ಅದೀರೇನು?"

"ಮತ್ತೆಲ್ಲಿ ಹೋಗೂದು? ನಿದ್ದಿ ಬಂತ ಇಲ್ಲ ಅದನ್ನ ಹೇಳು."

ಹೇಳಿದೆ. ಇಲಿ ಪಾಷಾಣದ ಕಥೆ ಹೇಳುವಾಗ ಚಾಚಿ ನಕ್ಕು ನಕ್ಕು ಬಟಾಣಿಯ ತಟ್ಟೆಯನ್ನೇ ಚೆಲ್ಲಿದರು. ಮೂವರೂ ಬಗ್ಗಿ ಆರಿಸಿದೆವು. ಆಗ ನನ್ನ ಫೋನು ಕುಯ್ ಎಂದಿತು. ಮನೆ ಮುಟ್ಟಿದೆ ಎಂದು ಓಣಿಯ ತಿರುವಿನಲ್ಲಿ ಮೇಡಂಗೆ ಕಳಿಸಿದ್ದೆ. ಉತ್ತರ ಬಂದಿತ್ತು. 'ಸರಿ.'

ಸರಿ ಎಂದರೆ ಸರಿ. ಫೋನನ್ನು ಮಂಚದ ಮೇಲೆ ಎಸೆದೆ.

ಚಹಾ ಕುಡಿದು ಏಳುವಾಗ ಚಾಚಿ ಕೈ ಚಾಚಿದರು. "ಡಬ್ಬಿ ಕೊಡು ಬೇಟಾ. ಇವತ್ತ ನಮ್ಮ ಪಾಳಿ. ಮಗಾ ಘಾಟಿನ್ಯಾಗ ಅದಾನ."

ಡಬ್ಬಿ ಕೊಡಲು ಹೋದವಳು ಕೈ ಹಿಂದಕ್ಕೆ ತೆಗೆದೆ. ಮುಚ್ಚಳದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಮೇಡಂ ಸಂತೆಯಲ್ಲೇ ಅಳಿಸಿದ್ದರು.

"ಒಂದೀಟು ತಡೀರಿ ಚಾಚಿ," ಎಂದೆ. "ಖಾಲಿ ಐತಿ."

ಎಸಳನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತೆರೆದ ಬಾಗಿಲ ಕಡೆ ಮುಖ ಮಾಡಿ ಕೂತು, ಬಿಳಿ ಗುಂಡಿ ಒತ್ತಿದೆ.